ಸಹಾಯ ಬೇಕು: ಸಿಂಹಗಡದ ಬಿಸಿಲಲ್ಲಿ ವೆಟ್ ಪ್ಲೇಟ್ ಮಬ್ಬಾಗ್ತಿದೆ

ಪುಣೆ ಕನ್ನಡಿಗರಲ್ಲಿ ಕೊಲೋಡಿಯನ್ ಕೆಲಸ (ಗಾಜಿಗೆ ಅಂಟುದ್ರಾವಣ ಬಳಿದು, ಒದ್ದೆ ಇರುವಾಗಲೇ ಫೋಟೋ ತೆಗೆದು ಮೂಡಿಸೋ ಹಳೇ ವೆಟ್ ಪ್ಲೇಟ್ ವಿಧಾನ) ಗೊತ್ತಿರೋರು ಇದ್ದೀರಾ? 1855ರಲ್ಲಿ ಬ್ರಿಟಿಷ್ ಛಾಯಾಗ್ರಾಹಕ ರೋಜರ್ ಫೆಂಟನ್ ಕ್ರಿಮಿಯಾ ಯುದ್ಧಭೂಮಿಗೆ ಡಾರ್ಕ್‌ರೂಮ್ ಗಾಡಿ ಒಯ್ದ ಹಾಗೆ, ನಾವು ಗಡಕ್ಕೆ ಟೆಂಟ್ ಒಯ್ಯುತ್ತಿದ್ದೇವೆ. (ಅವರಿಗೂ ಸೆಕೆಯದೇ ಕಾಟ.)

5x7 ಇಂಚು ಗಾಜು, ಶೇ. 9ರ ಸಿಲ್ವರ್ ನೈಟ್ರೇಟ್ ಬಾತ್‌ನಲ್ಲಿ 3 ನಿಮಿಷ. ಡೆವಲಪರ್‌ಗೆ (ಚಿತ್ರ ಮೂಡಿಸೋ ದ್ರಾವಣ) 100 ಮಿಲೀ ನೀರು, 4 ಗ್ರಾಂ ಫೆರಸ್ ಸಲ್ಫೇಟ್, 4 ಮಿಲೀ ಗ್ಲೇಶಿಯಲ್ ಅಸಿಟಿಕ್ ಆಸಿಡ್, ಸ್ವಲ್ಪ ಆಲ್ಕೋಹಾಲ್.

ಬೆಳಗ್ಗೆ ಪ್ಲೇಟ್ ಚೊಕ್ಕವಾಗಿ ಬರುತ್ತೆ. ಬಿಸಿಲೇರಿದರೆ ನೆರಳಿನ ಭಾಗಕ್ಕೆಲ್ಲ ಬೂದು ಮುಸುಕು. ಮೂಲೆ ಒಣಗಿ ಡೆವಲಪರ್ ಅಲ್ಲಿಗೆ ಹರಿಯೋದೇ ಇಲ್ಲ. ಟೆಂಟಿಗೆ ಬೆಳಕು ಸೋರುತ್ತಿಲ್ಲ: ಎಕ್ಸ್‌ಪೋಸ್ ಮಾಡದ ಪ್ಲೇಟನ್ನು ಮಧ್ಯಾಹ್ನ ಅಲ್ಲೇ ತಣ್ಣನೆಯ ಡೆವಲಪರ್‌ನಲ್ಲಿ ತೊಳೆದರೆ ಮುಸುಕಿಲ್ಲ.

ಸೆಕೆಗೆ ಡೆವಲಪರ್ ಅತಿ ಚುರುಕಾಗ್ತಿದೆ ಅನ್ಸುತ್ತೆ. ಅದನ್ನ ನಿಧಾನ ಮಾಡೋಕೆ ಆಸಿಡ್ ಹೆಚ್ಚಿಸೋದೋ, ಫೆರಸ್ ಸಲ್ಫೇಟ್ 3 ಗ್ರಾಂಗೆ ಇಳಿಸೋದೋ? ಸಕ್ಕರೆ ಸೇರಿಸಿ ನಿಧಾನ ಮಾಡಿದವರಿದ್ದರೆ ಪ್ರಮಾಣ ತಿಳಿಸಿ. ‘ಡಿಜಿಟಲ್‌ನಲ್ಲಿ ತೆಗೀರಿ’ ಅನ್ನೋ ಸಲಹೆ ಬೇಡ!