ಕೇಪಳ ಗಿಡದ ಚಿಗುರೇ ಹಳದಿ ಆಗ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಮನೆ ಕಾಂಪೌಂಡ್ ಪಕ್ಕ ಸಾಲಾಗಿ ಕೇಪಳ (ಇಕ್ಸೋರಾ) ಗಿಡಗಳಿವೆ. ಅಮ್ಮ ನೆಟ್ಟಿದ್ದು, ಹಾಗಾಗಿ ಒಂದನ್ನೂ ಕಳೆದುಕೊಳ್ಳಲು ಮನಸ್ಸಿಲ್ಲ.

ಹೊಸ ಚಿಗುರು ಹಳದಿಯಾಗಿ ಬರುತ್ತಿದೆ, ನರ ಮಾತ್ರ ಹಸಿರು. ಕೆಳಗಿನ ಹಳೇ ಎಲೆ ಹಸಿರಾಗಿಯೇ ಇವೆ. ಸಾರಜನಕ ಕಡಿಮೆಯಾದರೆ ಮೊದಲು ಹಳೇ ಎಲೆ ಹಳದಿಯಾಗಬೇಕು, ಮೆಗ್ನೀಷಿಯಂ ಕೊರತೆಯೂ ಹಳೇ ಎಲೆಯಲ್ಲೇ ಶುರುವಾಗುತ್ತದೆ. ಹಾಗಾಗಿ ಇದು ಕಬ್ಬಿಣದ ಕೊರತೆ ಅಂತ ನನ್ನ ಅಂದಾಜು. ಹುಳು ಇಲ್ಲ, ನೀರು ನಿಲ್ಲುವುದಿಲ್ಲ. ಒಂದು ಗಿಡದ ಬುಡ ಬಿಡಿಸಿ ನೋಡಿದೆ, ಬೇರು ಬೆಳ್ಳಗೆ ಗಟ್ಟಿಯಾಗಿದೆ.

ಹಾಕುವುದು ಬೋರ್‌ವೆಲ್ ನೀರು, ತುಂಬಾ ಗಡಸು. ಗೋಡೆ ಕಟ್ಟಿದಾಗ ಬಿದ್ದ ಸಿಮೆಂಟ್ ಚೂರುಗಳೂ ಮಣ್ಣಲ್ಲಿವೆ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲಾದರೆ ಕ್ಷಾರ) ನೋಡಿದರೆ 8ರ ಹತ್ತಿರ! ಇಂಥ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸರಿಯಾಗಿ ಸಿಗುವುದಿಲ್ಲ. ಕೇಪಳಕ್ಕೆ ಹುಳಿ ಮಣ್ಣು ಬೇಕು ಅಲ್ವಾ?

ಸಗಣಿ ಗೊಬ್ಬರ ಹಾಕಿದೆ, ಏನೂ ಬದಲಾಗಲಿಲ್ಲ. ಇಡಿಟಿಎ ರೂಪದ ಕಬ್ಬಿಣ (ಗಿಡ ಸುಲಭವಾಗಿ ಹೀರಿಕೊಳ್ಳುವಂಥ ಕಬ್ಬಿಣದ ಗೊಬ್ಬರ) ಎಲೆಗೆ ಸಿಂಪಡಿಸಿದಾಗ ಆ ಎಲೆಗಳು ಹಸಿರಾದವು, ಆದರೆ ಮುಂದಿನ ಚಿಗುರು ಮತ್ತೆ ಹಳದಿ. ನರ್ಸರಿಯವರು ಇನ್ನೂ ಜಾಸ್ತಿ ಗೊಬ್ಬರ ಹಾಕಿ ಅಂತಾರೆ. ನನಗದು ಸರಿ ಅನಿಸುತ್ತಿಲ್ಲ.

ಇಡಿಡಿಎಚ್‌ಎ ಅನ್ನುವ ಇನ್ನೊಂದು ರೂಪದ ಕಬ್ಬಿಣ ಇಂಥ ಕ್ಷಾರ ಮಣ್ಣಲ್ಲೂ ಕೆಲಸ ಮಾಡುತ್ತದೆ ಅಂತ ಓದಿದ್ದೇನೆ. ಗಂಧಕದ ಪುಡಿ ನಿಧಾನವಾಗಿ ಪಿಎಚ್ ಇಳಿಸುತ್ತದೆ, ಆದರೆ ಅದೇ ಗಡಸು ನೀರು ಹಾಕುತ್ತಿದ್ದರೆ ಮತ್ತೆ ಏರುವುದಿಲ್ಲವೇ?

ಗಡಸು ನೀರಲ್ಲೇ ಕೇಪಳ ಬೆಳೆಸಿ ಹಸಿರು ಉಳಿಸಿಕೊಂಡವರು ದಯವಿಟ್ಟು ಹೇಳಿ: ಮೊದಲು ಬುಡಕ್ಕೆ ಇಡಿಡಿಎಚ್‌ಎ ಕೊಡಲೋ, ಗಂಧಕ ಹಾಕಲೋ, ಅಥವಾ ಬುಡದ ಮಣ್ಣನ್ನೇ ಬದಲಿಸಲೋ?