ಪೋಕರ್ ಸಾಫ್ಟ್‌ವೇರ್ ಗೊಂದಲ, ಗೊತ್ತಿರುವವರು ಹೇಳಿ

ನಮಸ್ಕಾರ. ನಾನು ಮಡಿಕೇರಿಯವನು. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ, ಹಾಗಾಗಿ ಭಾನುವಾರ ಏಳು ಜನ ಸೇರಿ ಪೋಕರ್ ಟೂರ್ನಮೆಂಟ್ ಆಡುತ್ತೇವೆ. ದುಡ್ಡಿಲ್ಲ. ಒಣಗಿದ ಕಾಫಿ ಬೀಜವೇ ಚಿಪ್. ಮೊದಲ ಮೂವರಿಗೆ 5, 3, 2 ಬಾಟಲಿ ಜೇನು.

ನಾನು ಪ್ರತಿಸಲ ನಾಲ್ಕನೆಯವನು! ಅದಕ್ಕೇ ತರಬೇತಿ ಸಾಫ್ಟ್‌ವೇರ್ ಹಾಕಿಕೊಂಡು, ಕರೆಂಟ್ ಇದ್ದಾಗಲೆಲ್ಲ ಅಭ್ಯಾಸ ಮಾಡುತ್ತಿದ್ದೇನೆ. ಪುಶ್-ಫೋಲ್ಡ್ ಚಾರ್ಟ್ (ಯಾವ ಎಲೆಗೆ ಇರುವ ಚಿಪ್ ಎಲ್ಲ ಒಡ್ಡಬೇಕು, ಯಾವುದಕ್ಕೆ ಆಟ ಬಿಡಬೇಕು ಎನ್ನುವ ಪಟ್ಟಿ) ಬಾಯಿಪಾಠ ಆಗಿದೆ.

ತೊಂದರೆ ಇಲ್ಲಿದೆ. ನಾಲ್ವರು ಉಳಿದಿದ್ದೇವೆ. ನಾನು ಸ್ಮಾಲ್ ಬ್ಲೈಂಡ್ (ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಇಡುವ ಚಿಕ್ಕ ಪಣದ ಜಾಗ; ದೊಡ್ಡ ಪಣ ಬಿಗ್ ಬ್ಲೈಂಡ್), 10 ಬಿಗ್ ಬ್ಲೈಂಡ್‌ನಷ್ಟು ಚಿಪ್, ಕೈಯಲ್ಲಿ ಬೇರೆ ಬೇರೆ ಸೂಟ್‌ನ ಕಿಂಗ್-ಒಂಬತ್ತು. ಬರೀ ಚಿಪ್ ಲೆಕ್ಕದಲ್ಲಿ ಸಾಫ್ಟ್‌ವೇರ್ ಆಲ್-ಇನ್ (ಎಲ್ಲ ಚಿಪ್ ಒಡ್ಡು) ಎನ್ನುತ್ತದೆ. ಐಸಿಎಂ (ಚಿಪ್‌ಗೆ ಬಹುಮಾನದಲ್ಲಿ ಎಷ್ಟು ಬೆಲೆ ಎಂದು ನೋಡುವ ಲೆಕ್ಕ) ಆನ್ ಮಾಡಿ, ಬಿಗ್ ಬ್ಲೈಂಡ್‌ನವನಿಗೆ ನನಗಿಂತ ಜಾಸ್ತಿ, ಉಳಿದಿಬ್ಬರಿಗೆ ತಲಾ 3 ಬಿಗ್ ಬ್ಲೈಂಡ್‌ನಷ್ಟು ಎಂದು ಹಾಕಿದರೆ ಫೋಲ್ಡ್ ಎನ್ನುತ್ತದೆ. ಕಾರಣ ಅರ್ಥವಾಯಿತು: ಚಿಪ್ ಕಡಿಮೆ ಇರುವ ಆ ಇಬ್ಬರಲ್ಲಿ ಒಬ್ಬರು ಮೊದಲು ಔಟ್ ಆಗಲಿ, ಜೇನು ನನಗೆ ಸಿಗಲಿ, ಅಲ್ವಾ?

ಆದರೆ ಸಾಫ್ಟ್‌ವೇರ್ ಎದುರಾಳಿ ಲೆಕ್ಕ ಹಾಕಿ ಕಾಲ್ ಮಾಡುತ್ತಾನೆ (ನನ್ನ ಪಣಕ್ಕೆ ಸಮನಾಗಿ ಒಡ್ಡುತ್ತಾನೆ) ಎಂದುಕೊಳ್ಳುತ್ತದೆ. ನಮ್ಮವರಲ್ಲಿ ಒಬ್ಬರು ಸುಮ್ನೆ ಎಲ್ಲಕ್ಕೂ ಕಾಲ್. ಇನ್ನೊಬ್ಬರು ಏಸ್ ಬಾರದೆ ಅಲುಗಾಡುವುದಿಲ್ಲ. ಕಾಲ್ ರೇಂಜ್ (ಎದುರಾಳಿ ಯಾವ ಯಾವ ಎಲೆಗೆ ಕಾಲ್ ಮಾಡುತ್ತಾನೆ ಎನ್ನುವುದು) ಕೈಯಾರೆ ಬದಲಿಸಿದರೆ ಉತ್ತರ ಪ್ರತಿಸಲ ಬೇರೆ.

ಅಭ್ಯಾಸಕ್ಕೆ ಸಾಫ್ಟ್‌ವೇರ್ ಕೊಟ್ಟ ಕಾಲ್ ರೇಂಜನ್ನೇ ಇಟ್ಟುಕೊಳ್ಳಲಾ, ಅಥವಾ ಒಬ್ಬೊಬ್ಬರಿಗೆ ತಕ್ಕಂತೆ ಬದಲಿಸಲಾ? ಬದಲಿಸುವುದಾದರೆ ಒಬ್ಬರು ಎಷ್ಟು ಪರ್ಸೆಂಟ್ ಕೈಗಳಿಗೆ ಕಾಲ್ ಮಾಡುತ್ತಾರೆ ಎಂದು ಹೇಗೆ ಅಂದಾಜು ಮಾಡುತ್ತೀರಿ?