ಸಿಂಕ್ರನೈಸ್ಡ್ ಈಜಿನ ವಿದೇಶಿ ಶಿಬಿರಕ್ಕೆ ಹದಿಮೂರು ವರ್ಷದ ಮಗಳನ್ನು ಕಳುಹಿಸಬಹುದೇ?

ಪ್ರಶ್ನೆ: ಪೊನ್ನಂಪೇಟೆಯ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಹದಿಮೂರು ವರ್ಷ. ಚಿಕ್ಕಂದಿನಿಂದ ಶಾಲೆಯ ಕೊಳದಲ್ಲಿ ಈಜು ಕಲಿತು ಫ್ರೀಸ್ಟೈಲ್ ಮತ್ತು ಬ್ಯಾಕ್‌ಸ್ಟ್ರೋಕ್ ಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದಾಳೆ, ಜೊತೆಗೆ ಭರತನಾಟ್ಯವನ್ನೂ ಅಭ್ಯಾಸ ಮಾಡುತ್ತಿದ್ದಾಳೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ತಂಡ ಚಿನ್ನ ಗೆದ್ದ ಪ್ರದರ್ಶನವನ್ನು ನೋಡಿದ ಮೇಲೆ ಅವಳ ಮನಸ್ಸೆಲ್ಲ ಸಿಂಕ್ರನೈಸ್ಡ್ ಈಜಿನ, ಅಂದರೆ ಸಂಗೀತಕ್ಕೆ ತಕ್ಕಂತೆ ನೀರಿನಲ್ಲಿ ಎಲ್ಲರೂ ಒಂದೇ ಲಯದಲ್ಲಿ ಭಂಗಿಗಳನ್ನು ಪ್ರದರ್ಶಿಸುವ ಕ್ರೀಡೆಯ ಕಡೆಗೆ ತಿರುಗಿದೆ. ಕೊಳದ ಅಂಚು ಹಿಡಿದುಕೊಂಡು, ಮೊಬೈಲಿನಲ್ಲಿ ನೋಡಿದ ಭಂಗಿಗಳನ್ನು ತಾನೇ ಪ್ರಯತ್ನಿಸುತ್ತಾಳೆ.

ಈಗ ಬೆಂಗಳೂರಿನ ಒಂದು ಸಂಸ್ಥೆಯ ಮೂಲಕ ಬಾರ್ಸಿಲೋನಾದಲ್ಲಿ ಜುಲೈ ತಿಂಗಳಿನಲ್ಲಿ ನಡೆಯುವ ಎರಡು ವಾರಗಳ ತರಬೇತಿ ಶಿಬಿರದ ವಿವರ ನಮಗೆ ತಲುಪಿದೆ. ವಿಮಾನದ ಖರ್ಚು, ಶಿಬಿರದ ಶುಲ್ಕ ಮತ್ತು ವಸತಿ ಸೇರಿದರೆ ನಮ್ಮ ಕಾಫಿ ಫಸಲಿನ ಹಣದಲ್ಲಿ ದೊಡ್ಡ ಪಾಲೇ ಹೋಗುತ್ತದೆ. ಮಳೆಗಾಲದಲ್ಲಿ, ಶಾಲೆ ನಡೆಯುತ್ತಿರುವಾಗ, ನಾಟಿಯ ಕೆಲಸವಿರುವಾಗ ಮಗುವನ್ನು ಅಷ್ಟು ದೂರ ಕಳುಹಿಸುವುದು ಬೇಡವೆಂದು ನಮ್ಮ ಅತ್ತೆ ಮಾವ ಹೇಳುತ್ತಿದ್ದಾರೆ. ಇಂತಹ ಶಿಬಿರದಿಂದ ನಿಜವಾದ ಪ್ರಯೋಜನವಿದೆಯೇ, ಹೋಗುವುದಾದರೆ ಮೊದಲು ಏನನ್ನು ಕಲಿತಿರಬೇಕು, ಒಬ್ಬಳನ್ನೇ ಕಳುಹಿಸುವುದು ಸುರಕ್ಷಿತವೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಅವಳ ತಮ್ಮನೂ ತನಗೆ ಕಲಿಸಬೇಕೆನ್ನುತ್ತಿದ್ದಾನೆ. ಗಂಡು ಮಕ್ಕಳಿಗೆ ಈ ಕ್ರೀಡೆಯಲ್ಲಿ ಅವಕಾಶವಿದೆಯೇ?

ಉತ್ತರ: ಈಜು ತರಬೇತುದಾರರು, ಮೈಸೂರು

ತಾಯಿಯವರಿಗೆ ನಮಸ್ಕಾರ. ನಾನು ತಮ್ಮನ್ನು ಮೊದಲು ಕೇಳಬಯಸುವುದು ಇಷ್ಟೇ: ಶಿಬಿರ ಮುಗಿಸಿ ಬಂದ ಮೇಲೆ ಮಗಳು ಅಭ್ಯಾಸ ಮಾಡಲು ಆಳದ ನೀರು ಎಲ್ಲಿದೆ? ಕೊಡಗಿನಲ್ಲಿ ನಾನು ನೋಡಿರುವ ಶಾಲೆಗಳ ಮತ್ತು ರೆಸಾರ್ಟ್‌ಗಳ ಕೊಳಗಳು ಬಹುತೇಕ ನಾಲ್ಕೈದು ಅಡಿಯವು. ಈ ಕ್ರೀಡೆಯಲ್ಲಿ ಕೊಳದ ತಳವನ್ನು ಮುಟ್ಟಿ ಆಸರೆ ಪಡೆಯುವಂತಿಲ್ಲ, ಮುಟ್ಟಿದರೆ ಅಂಕ ಕಳೆಯುತ್ತಾರೆ. ತಲೆ ಕೆಳಗಾಗಿ ನಿಂತು ಎರಡೂ ಕಾಲುಗಳನ್ನು ನೀರಿನ ಮೇಲಕ್ಕೆ ನೆಟ್ಟಗೆ ಎತ್ತುವ ವರ್ಟಿಕಲ್ ಭಂಗಿಯನ್ನು ಅಷ್ಟು ಕಡಿಮೆ ನೀರಿನಲ್ಲಿ ಅಭ್ಯಾಸ ಮಾಡಲು ಹೋದರೆ ತಲೆ ನೆಲಕ್ಕೆ ತಗಲುತ್ತದೆ. ಸುಮಾರು ಮೂರು ಮೀಟರ್ ಆಳವಿರುವ ಕೊಳ ವಾರಕ್ಕೆ ಒಂದೆರಡು ದಿನವಾದರೂ ಸಿಗುವಂತಿದ್ದರೆ ಮಾತ್ರ ಶಿಬಿರದಲ್ಲಿ ಕಲಿತದ್ದು ಮೈಗೂಡುತ್ತದೆ. ಇಲ್ಲವಾದರೆ ಎರಡು ತಿಂಗಳೊಳಗೆ ಮರೆತುಹೋಗುತ್ತದೆ.

ಹೋಗುವ ಮೊದಲು ಕಲಿತಿರಬೇಕಾದವುಗಳಲ್ಲಿ ಎರಡು ಮುಖ್ಯ. ಒಂದು, ಎಗ್‌ಬೀಟರ್ ಕಿಕ್. ಕುರ್ಚಿಯ ಮೇಲೆ ಕುಳಿತಂತೆ ಬೆನ್ನನ್ನು ನೇರವಾಗಿಟ್ಟು, ಮಂಡಿಗಳನ್ನು ಅಗಲಿಸಿ, ಮೊಣಕಾಲಿನ ಕೆಳಗಿನ ಭಾಗವನ್ನು ಒಂದಾದ ಮೇಲೊಂದರಂತೆ ವೃತ್ತಾಕಾರದಲ್ಲಿ ತಿರುಗಿಸುತ್ತಾ ದೇಹವನ್ನು ಮೇಲೆ ಹಿಡಿದಿಡುವ ಒದೆತವಿದು. ಬಲಗಾಲು ಒಂದು ದಿಕ್ಕಿಗೆ ತಿರುಗಿದರೆ ಎಡಗಾಲು ಅದರ ಎದುರು ದಿಕ್ಕಿಗೆ ತಿರುಗಬೇಕು. ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಕೊಂಡು, ಭುಜಗಳು ಮುಳುಗದಂತೆ, ಮುಖದಲ್ಲಿ ಆಯಾಸ ಕಾಣದಂತೆ ಒಂದು ನಿಮಿಷ ನಿಲ್ಲಲು ಸಾಧ್ಯವಾದರೆ ಅವಳು ಶಿಬಿರಕ್ಕೆ ಸಿದ್ಧಳಾಗುತ್ತಿದ್ದಾಳೆ ಎನ್ನಬಹುದು. ಇನ್ನೊಂದು ಸ್ಕಲ್ಲಿಂಗ್, ಅಂದರೆ ಮೊಣಕೈಯನ್ನು ಹೆಚ್ಚು ಕದಲಿಸದೆ ಅಂಗೈಯಿಂದ ನೀರನ್ನು ಹೊರಗೂ ಒಳಗೂ ಒತ್ತುತ್ತಾ ದೇಹವನ್ನು ಒಂದೇ ಎತ್ತರದಲ್ಲಿ ನಿಲ್ಲಿಸುವುದು. ನೋಡುವವರಿಗೆ ಮೇಲೆ ಕಾಣುವುದು ಕಾಲುಗಳ ಸೊಗಸಾದರೂ ಅವುಗಳನ್ನು ಎತ್ತಿ ಹಿಡಿದಿರುವುದು ನೀರಿನೊಳಗೆ ಬಿಡುವಿಲ್ಲದೆ ದುಡಿಯುವ ಕೈಗಳು. ಸ್ಕಲ್ಲಿಂಗನ್ನು ಕಡಿಮೆ ಆಳದ ಕೊಳದಲ್ಲಿ ಬೆನ್ನ ಮೇಲೆ ತೇಲಿಕೊಂಡೂ ಅಭ್ಯಾಸ ಮಾಡಬಹುದು, ಆದ್ದರಿಂದ ನಾಳೆಯಿಂದಲೇ ಆರಂಭಿಸಲಿ.

ಭರತನಾಟ್ಯದಿಂದ ಅವಳಿಗೆ ನಿಜವಾಗಿಯೂ ಅನುಕೂಲವಿದೆ. ಅರೆಮಂಡಿಯಿಂದ ಸೊಂಟದ ಕೀಲುಗಳು ತೆರೆದಿರುತ್ತವೆ, ತಾಳದ ಎಣಿಕೆ ಒಳಗಿನಿಂದಲೇ ಬರುತ್ತದೆ. ಆದರೆ ನಾಟ್ಯದಲ್ಲಿ ಪಾದವನ್ನು ಸಮತಟ್ಟಾಗಿ ನೆಲಕ್ಕೆ ತಟ್ಟುವುದೇ ಹೆಚ್ಚು. ಇಲ್ಲಿ ಮಂಡಿಯನ್ನು ಪೂರ್ತಿ ನೇರವಾಗಿಸಿ ಕಾಲ್ಬೆರಳ ತುದಿಯನ್ನು ಚಾಚಬೇಕು. ಇದನ್ನು ಮನೆಯ ಚಾವಡಿಯಲ್ಲೇ ಅಭ್ಯಾಸ ಮಾಡಿಸಬಹುದು.

ಬಾರ್ಸಿಲೋನಾವನ್ನು ಆರಿಸಿದ್ದರಲ್ಲಿ ತಪ್ಪೇನೂ ಇಲ್ಲ. ಸ್ಪೇನ್ ಈ ಕ್ರೀಡೆಯ ಬಲಿಷ್ಠ ರಾಷ್ಟ್ರಗಳಲ್ಲೊಂದು, ಪ್ಯಾರಿಸ್‌ನಲ್ಲಿ ತಂಡ ವಿಭಾಗದ ಕಂಚು ಅವರದೇ. ಅವರ ರಾಷ್ಟ್ರೀಯ ತಂಡ ತರಬೇತಿ ಪಡೆಯುವ ಕೇಂದ್ರ ಆ ನಗರದ ಪಕ್ಕದ ಸಾಂತ್ ಕುಗಾತ್‌ನಲ್ಲಿದೆ. ಆದರೆ ಅದೇ ಊರಿನಲ್ಲಿ ನಡೆಯುವ ಪ್ರತಿಯೊಂದು ಶಿಬಿರಕ್ಕೂ ರಾಷ್ಟ್ರೀಯ ತಂಡದ ತರಬೇತುದಾರರಿಗೂ ಸಂಬಂಧವಿರುವುದಿಲ್ಲ. ಕಲಿಸುವವರು ಯಾರು, ಒಬ್ಬ ತರಬೇತುದಾರರಿಗೆ ಎಷ್ಟು ಮಕ್ಕಳು, ದಿನಕ್ಕೆ ನೀರಿನಲ್ಲಿ ಎಷ್ಟು ಗಂಟೆ, ಕೊಳದ ಆಳವೆಷ್ಟು ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ. 2023ರಿಂದ ಅಂಕ ನೀಡುವ ಪದ್ಧತಿಯೂ ಬದಲಾಗಿದೆ. ಪ್ರದರ್ಶನದಲ್ಲಿ ಯಾವ ಯಾವ ಕಷ್ಟದ ಅಂಶಗಳಿರುತ್ತವೆ ಎಂದು ತಂಡ ಮೊದಲೇ ಬರೆದು ಕೊಡಬೇಕು. ಬರೆದು ಕೊಟ್ಟಂತೆ ಮಾಡದಿದ್ದರೆ ಆ ಅಂಶಕ್ಕೆ ತೀರ ಕನಿಷ್ಠ ಅಂಕವಷ್ಟೇ ಸಿಗುತ್ತದೆ. ಆದ್ದರಿಂದ ಒಳ್ಳೆಯ ಶಿಬಿರಗಳು ಈಗ ಹೊಸ ಹೊಸ ನೃತ್ಯ ಸಂಯೋಜನೆಗಳಿಗಿಂತ ಮೂಲ ಭಂಗಿಗಳ ನಿಖರತೆಯ ಮೇಲೆಯೇ ಸಮಯ ಕಳೆಯುತ್ತವೆ. ಮಗಳಿಗೆ ಅದು ಬೇಸರ ತರಿಸಬಹುದು, ಈಗಲೇ ಹೇಳಿಟ್ಟಿರಿ.

ಒಂದು ಮಾತು ಮರೆಯಬಾರದು. ಖಾಸಗಿ ಶಿಬಿರದ ಪ್ರಮಾಣಪತ್ರದಿಂದ ರಾಜ್ಯ ಅಥವಾ ರಾಷ್ಟ್ರೀಯ ತಂಡದ ಆಯ್ಕೆ ಆಗುವುದಿಲ್ಲ. ಅದರ ದಾರಿ ಕರ್ನಾಟಕ ಈಜು ಸಂಸ್ಥೆ ಮತ್ತು ಭಾರತೀಯ ಈಜು ಫೆಡರೇಷನ್ ಮೂಲಕವೇ ಹೋಗುತ್ತದೆ. 2017ರಿಂದ ಈ ಕ್ರೀಡೆಯ ಅಧಿಕೃತ ಹೆಸರು ಆರ್ಟಿಸ್ಟಿಕ್ ಸ್ವಿಮ್ಮಿಂಗ್ ಎಂದಾಗಿರುವುದರಿಂದ ಎರಡೂ ಹೆಸರುಗಳಲ್ಲಿ ಹುಡುಕಿ.

ಮಗನನ್ನೂ ಖಂಡಿತ ಸೇರಿಸಿ. 2015ರ ಕಜಾನ್ ವಿಶ್ವ ಚಾಂಪಿಯನ್‌ಷಿಪ್‌ನಿಂದ ಗಂಡು ಹೆಣ್ಣು ಜೋಡಿಯ ವಿಭಾಗವಿದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎಂಟು ಜನರ ತಂಡದಲ್ಲಿ ಇಬ್ಬರು ಪುರುಷರಿಗೆ ಅವಕಾಶ ಕೊಡಲಾಗಿತ್ತು. ಯಾವ ದೇಶವೂ ಅದನ್ನು ಬಳಸಿಕೊಳ್ಳದಿದ್ದರೂ ಬಾಗಿಲು ತೆರೆದಿದೆ.

ಉತ್ತರ: ಮಡಿಕೇರಿಯ ಒಬ್ಬ ತಾಯಿ

ಅಕ್ಕಾ, ನಮ್ಮ ಮಗಳು ಯುರೋಪಿನ ಇಂತಹುದೇ ಒಂದು ಶಿಬಿರಕ್ಕೆ ಹೋಗಿ ಬಂದಿರುವುದರಿಂದ ಕಾಗದಪತ್ರಗಳ ವಿಷಯವನ್ನು ನಾನು ಹೇಳುತ್ತೇನೆ. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೆ ಮಾತ್ರ ಇರುತ್ತದೆ. ಹಿಂದಿರುಗುವ ದಿನದ ನಂತರವೂ ಕನಿಷ್ಠ ಮೂರು ತಿಂಗಳು ಅದರ ಅವಧಿ ಉಳಿದಿರಬೇಕು. ಹೊಸದಾಗಿ ಮಾಡಿಸುವುದಾದರೆ ಮೈಸೂರಿನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರ ನಮಗೆ ಅನುಕೂಲವಾಯಿತು. ಸ್ಪೇನ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು, ತೀರ ತಡವೆಂದರೂ ಹದಿನೈದು ದಿನ ಮೊದಲು ಹಾಕಿರಬೇಕು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಫೆಬ್ರವರಿ ಮಾರ್ಚ್‌ನಲ್ಲೇ ಆ ಕೆಲಸ ಮುಗಿಸಿಕೊಳ್ಳಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಮಗು ತಂದೆ ತಾಯಿಯಿಲ್ಲದೆ ಹೋಗುವುದಾದರೆ ಇಬ್ಬರೂ ಸಹಿ ಮಾಡಿ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಬೇಕು. ವಿಮೆಯಲ್ಲಿ ಕ್ರೀಡಾ ತರಬೇತಿಯ ವೇಳೆ ಆಗುವ ಗಾಯವೂ ಸೇರಿದೆಯೇ ಎಂಬುದನ್ನು ಬಿಡಿಸಿ ಕೇಳಿ, ಏಕೆಂದರೆ ಸಾಮಾನ್ಯ ಪ್ರವಾಸಿ ವಿಮೆಗಳಲ್ಲಿ ಅದನ್ನು ಕೈಬಿಟ್ಟಿರುವುದುಂಟು.

ನಮಗೆ ಕಳುಹಿಸಿದ ಮಾಹಿತಿಯಲ್ಲಿ ಇಡೀ ಕೊಳ ಮಕ್ಕಳಿಗೇ ಮೀಸಲೆಂದು ಬರೆದಿತ್ತು. ಅಲ್ಲಿ ಅರ್ಧ ಕೊಳವನ್ನು ಬೇರೆ ಈಜುಗಾರರಿಗೆ ಬಿಟ್ಟುಕೊಟ್ಟಿದ್ದರು. ಮೊದಲ ದಿನವೇ ಪರೀಕ್ಷೆ ಮಾಡಿ ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿದಾಗ ನಮ್ಮವಳು ತನಗಿಂತ ಚಿಕ್ಕ ಮಕ್ಕಳ ಗುಂಪಿಗೆ ಸೇರಿದಳು. ಎರಡು ದಿನ ಫೋನಿನಲ್ಲಿ ಅತ್ತಳು. ಆದರೆ ಅವಳು ನಿಜವಾಗಿ ಕಲಿತದ್ದು ಆ ಗುಂಪಿನಲ್ಲೇ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಪ್ರತಿದಿನ ನೀರಿಗಿಳಿಯುವ ಮೊದಲು ಕೊಳದ ಬದಿಯಲ್ಲಿ ಸಾಲಾಗಿ ನಿಂತು, ಸಂಗೀತ ಹಾಕಿ, ಎಂಟರವರೆಗೆ ಎಣಿಸುತ್ತಾ, ಕಾಲು ಮಾಡಬೇಕಾದ ಚಲನೆಗಳನ್ನು ಕೈಯಲ್ಲೇ ಮಾಡಿಸುತ್ತಿದ್ದರಂತೆ. ಒಬ್ಬಳ ಬೆರಳು ತಡವಾದರೂ ಎಲ್ಲರೂ ಮತ್ತೆ ಒಂದರಿಂದ ಎಣಿಸಬೇಕು. ನೀರಿನೊಳಗೂ ಸ್ಪೀಕರ್ ಇರುವುದರಿಂದ ಮುಳುಗಿದ್ದಾಗಲೂ ಅದೇ ಎಣಿಕೆ ಕೇಳಿಸುತ್ತದೆ. ಸ್ಪ್ಯಾನಿಷ್ ಬಾರದಿದ್ದರೂ ಒಂದರಿಂದ ಎಂಟರವರೆಗಿನ ಅಂಕಿಗಳನ್ನು ಕಲಿತು ಹೋಗಲಿ, ಅಷ್ಟರಿಂದಲೇ ಬಹಳ ಸಹಾಯವಾಗುತ್ತದೆ.

ಮೂಗಿನ ಕ್ಲಿಪ್‌ಗಳನ್ನು ಹೆಚ್ಚಾಗಿಯೇ ಕೊಟ್ಟು ಕಳುಹಿಸಿ, ಅವು ಕಳೆದುಹೋಗುತ್ತಲೇ ಇರುತ್ತವೆ. ಕೊನೆಯ ದಿನದ ಪ್ರದರ್ಶನಕ್ಕೆ ಜೆಲಟಿನ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಕೂದಲು ಕೆದರದಂತೆ ಅದಕ್ಕೆ ಬ್ರಷ್‌ನಿಂದ ಬಳಿಯುತ್ತಾರೆ. ಅದು ಪ್ರಾಣಿಜನ್ಯ ವಸ್ತು, ಕೆಲವು ಮನೆಗಳಲ್ಲಿ ಒಪ್ಪುವುದಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ಅಭ್ಯಾಸದ ದಿನಗಳಲ್ಲಿ ಅದರ ಅಗತ್ಯವಿಲ್ಲ.

ಜುಲೈ ಎಂದರೆ ನಮ್ಮ ರಸ್ತೆಗಳ ಕಥೆ ತಮಗೆ ತಿಳಿದದ್ದೇ. ಮರ ಬಿದ್ದು ಹುಣಸೂರು ರಸ್ತೆಯಲ್ಲೇ ಗಂಟೆಗಟ್ಟಲೆ ನಿಲ್ಲಬೇಕಾಗಬಹುದು. ಕಣ್ಣೂರು ವಿಮಾನ ನಿಲ್ದಾಣ ತಮಗೆ ಹತ್ತಿರವೆನಿಸಿದರೂ ಮಳೆಗಾಲದಲ್ಲಿ ಮಾಕುಟ್ಟ ಘಾಟಿಯನ್ನು ನಂಬಿ ಹೊರಡಬೇಡಿ. ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ.

ಉತ್ತರ: ಕುಶಾಲನಗರದ ವೈದ್ಯರು

ಮೇಲಿನ ಉತ್ತರಗಳಲ್ಲಿ ಬಾರದ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಈ ಕ್ರೀಡೆಯಲ್ಲಿ ಉಸಿರು ಬಿಗಿಹಿಡಿದು ತೀವ್ರವಾಗಿ ದುಡಿಯಬೇಕಾಗುತ್ತದೆ. ಕೆಲವು ಮಕ್ಕಳು ಹೆಚ್ಚು ಹೊತ್ತು ಮುಳುಗಿರಲೆಂದು ಮೊದಲು ಜೋರಾಗಿ, ಬೇಗ ಬೇಗನೆ ಉಸಿರಾಡಿಕೊಳ್ಳುತ್ತಾರೆ. ಇದು ಅಪಾಯಕಾರಿ. ಉಸಿರಾಡಲೇಬೇಕೆಂಬ ಒತ್ತಡ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದರಿಂದ. ಜೋರು ಉಸಿರಾಟದಿಂದ ಅದು ಮೊದಲೇ ಕಡಿಮೆಯಾಗಿಬಿಟ್ಟರೆ, ಆಮ್ಲಜನಕ ಮುಗಿಯುತ್ತಾ ಬಂದರೂ ದೇಹ ಎಚ್ಚರಿಕೆ ಕೊಡುವುದಿಲ್ಲ ಮತ್ತು ಮಗು ನೀರಿನೊಳಗೇ ಪ್ರಜ್ಞೆ ತಪ್ಪಬಹುದು. ಅನುಭವಿಗಳಿಗೂ ನೀರಿನಲ್ಲಿ ಪ್ರಜ್ಞೆ ತಪ್ಪುವುದುಂಟು: 2022ರಲ್ಲಿ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಅನಿತಾ ಅಲ್ವಾರೆಜ್ ಪ್ರದರ್ಶನ ಮುಗಿದೊಡನೆ ಪ್ರಜ್ಞೆ ತಪ್ಪಿ ಮುಳುಗುತ್ತಿದ್ದಾಗ ಅವರ ತರಬೇತುದಾರರಾದ ಆಂಡ್ರಿಯಾ ಫ್ಯುಯೆಂತೆಸ್ ಉಟ್ಟ ಬಟ್ಟೆಯಲ್ಲೇ ಕೊಳಕ್ಕೆ ಹಾರಿ ಅವರನ್ನು ಮೇಲಕ್ಕೆ ತಂದರು.

ಆದ್ದರಿಂದ ಉಸಿರು ಹಿಡಿಯುವ ಅಭ್ಯಾಸವನ್ನು ಒಂಟಿಯಾಗಿ ಎಂದಿಗೂ ಮಾಡಕೂಡದು. ನಮ್ಮ ಜಿಲ್ಲೆಯವರಿಗೆ ಇದರ ಜೊತೆ ಇನ್ನೊಂದನ್ನೂ ಹೇಳುತ್ತೇನೆ. ಆಳದ ನೀರು ಬೇಕೆಂದು ತೋಟದ ಕೆರೆಗೆ ಮಕ್ಕಳನ್ನು ಇಳಿಸಬೇಡಿ. ಸ್ಪ್ರಿಂಕ್ಲರ್‌ಗೆಂದು ತೋಡಿಸಿದ ಕೆರೆಗಳ ಬದಿ ಕಡಿದಾಗಿ ಜಾರುತ್ತದೆ, ಕೆಸರು ನೀರಿನಲ್ಲಿ ಎರಡಡಿ ಕೆಳಗೆ ಹೋದವರು ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಶಿಬಿರದವರಿಂದ, ಕೊಳದ ಬದಿಯಲ್ಲಿ ಜೀವರಕ್ಷಕರು ಇರುತ್ತಾರೆಯೇ ಎಂಬುದನ್ನೂ, ಇನ್ನೊಬ್ಬರ ಕಾಲು ತಗಲಿ ತಲೆಗೆ ಪೆಟ್ಟಾದ ಮಗುವನ್ನು ಅಂದು ನೀರಿನಿಂದ ಹೊರಗಿಡುತ್ತಾರೆಯೇ ಎಂಬುದನ್ನೂ ಕೇಳಿ ತಿಳಿಯಿರಿ. ಮಗಳ ತೂಕದ ಬಗ್ಗೆ ಯಾರಾದರೂ ಟೀಕೆ ಮಾಡಿದರೆ ಕೂಡಲೇ ತಮಗೆ ಹೇಳಬೇಕೆಂದೂ ಅವಳಿಗೆ ತಿಳಿಸಿ. ಬೆಳೆಯುವ ವಯಸ್ಸಿನಲ್ಲಿ ಊಟ ಬಿಟ್ಟು ಇಷ್ಟು ಶ್ರಮಪಡುವುದು ಸಲ್ಲದು.

ಉತ್ತರ: ದೈಹಿಕ ಶಿಕ್ಷಣ ಶಿಕ್ಷಕರು, ವಿರಾಜಪೇಟೆ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕೊಡಗಿನಲ್ಲಿ ಹಾಕಿ ಬೆಳೆದದ್ದು ಊರೂರಿನಲ್ಲಿ ಮೈದಾನವಿದ್ದುದರಿಂದ, ಮನೆಯಲ್ಲಿ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಸ್ಟಿಕ್ ಹಿಡಿಯುತ್ತಿದ್ದುದರಿಂದ. 1997ರಲ್ಲಿ ಕರಡದಲ್ಲಿ ಕುಟುಂಬಗಳ ನಡುವಿನ ಹಾಕಿ ಉತ್ಸವ ಆರಂಭವಾಗುವ ಹೊತ್ತಿಗೆ ಆ ತಳಹದಿ ಆಗಲೇ ಇತ್ತು. ಈ ಈಜಿಗೆ ನಮ್ಮಲ್ಲಿ ಇನ್ನೂ ತಳಹದಿ ಇಲ್ಲ. ಒಬ್ಬ ಹುಡುಗಿ ವಿದೇಶಕ್ಕೆ ಹೋಗಿ ಕಲಿತು ಬಂದರೂ ಜೋಡಿಗೆ ಇನ್ನೊಬ್ಬಳು ಬೇಕಲ್ಲವೇ? ಅಷ್ಟೇ ಹಣದಲ್ಲಿ ಮೂರ್ನಾಲ್ಕು ಮಕ್ಕಳ ಪೋಷಕರು ಸೇರಿ, ಏಪ್ರಿಲ್ ಮೇ ರಜೆಯಲ್ಲಿ ಬಲ್ಲ ತರಬೇತುದಾರರೊಬ್ಬರನ್ನು ಗೊತ್ತುಮಾಡಿಕೊಂಡು, ಮೈಸೂರು ಅಥವಾ ಬೆಂಗಳೂರಿನ ಆಳದ ಕೊಳದಲ್ಲಿ ಅಭ್ಯಾಸ ಮಾಡಿಸುವುದು ಈ ವರ್ಷಕ್ಕೆ ಉತ್ತಮವೆಂದು ನನಗೆ ತೋರುತ್ತದೆ. ಆಮೇಲೂ ಆಸೆ ಉಳಿದರೆ ಸಿಂಗಪುರವೂ ಇದೆ. ಅಲ್ಲಿ ಈ ಕ್ರೀಡೆ ಚೆನ್ನಾಗಿ ಬೇರೂರಿದೆ ಮತ್ತು ಪ್ರಯಾಣವೂ ಹಗುರ.

ಪ್ರಶ್ನೆ ಕೇಳಿದ ತಾಯಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ತಮ್ಮ ಮಾತುಗಳನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ಈ ಜುಲೈಯನ್ನು ಬಿಟ್ಟು, ರಜೆಯಲ್ಲಿ ಮೈಸೂರಿನಲ್ಲಿ ಅಭ್ಯಾಸ ಮಾಡಿಸಿ, ಮುಂದಿನ ವರ್ಷ ಶಿಬಿರದ ಬಗ್ಗೆ ತೀರ್ಮಾನಿಸುವುದೆಂದು ಯೋಚಿಸಿದ್ದೇವೆ. ಮಗಳು ಒಪ್ಪಿದ್ದಾಳೆ, ಆದರೆ ಅಲ್ಲಿಯವರೆಗೆ ಶಾಲೆಯ ಕೊಳದಲ್ಲಿ ಏನು ಮಾಡಬೇಕೆಂದು ಕೇಳುತ್ತಿದ್ದಾಳೆ. ತರಬೇತುದಾರರು ದಯವಿಟ್ಟು ತಿಳಿಸುವಿರಾ? ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯ ಬೇರೆ ಮಕ್ಕಳ ಪೋಷಕರಿಗೆ ಆಸಕ್ತಿಯಿದ್ದರೆ ಇಲ್ಲೇ ಬರೆಯಿರಿ.

ಉತ್ತರ: ಈಜು ತರಬೇತುದಾರರು, ಮೈಸೂರು

ಮೂಗಿಗೆ ಕ್ಲಿಪ್ ಹಾಕಿಕೊಂಡು, ಬೆನ್ನ ಮೇಲೆ ನೇರವಾಗಿ ತೇಲುತ್ತಾ, ಸೊಂಟದ ಪಕ್ಕದಲ್ಲಿ ಸ್ಕಲ್ಲಿಂಗ್ ಮಾಡಿ ಮೊದಲು ತಲೆಯ ದಿಕ್ಕಿಗೆ, ಅನಂತರ ಕಾಲಿನ ದಿಕ್ಕಿಗೆ ಕೊಳದ ಉದ್ದಕ್ಕೂ ಸಾಗಲಿ. ಕಾಲ್ಬೆರಳು, ಮಂಡಿ, ಸೊಂಟ ಮೂರೂ ನೀರಿನ ಮಟ್ಟದಲ್ಲೇ ಇರಬೇಕು. ಅದು ಸ್ಥಿರವಾದ ಮೇಲೆ ಒಂದು ಕಾಲನ್ನು ಮೇಲಕ್ಕೆ ನೆಟ್ಟಗೆ ಎತ್ತುವ ಬ್ಯಾಲೆ ಲೆಗ್ ಅಭ್ಯಾಸ ಆರಂಭಿಸಬಹುದು. ಆಗ ಸೊಂಟ ಮುಳುಗಿದರೆ ಕಾಲನ್ನು ಇಳಿಸಿ ಮತ್ತೆ ಸ್ಕಲ್ಲಿಂಗ್‌ಗೆ ಮರಳಲಿ. ಎಗ್‌ಬೀಟರ್ ಅನ್ನು ಸದ್ಯಕ್ಕೆ ಮೇಜಿನ ಅಂಚಿನಲ್ಲಿ ಕುಳಿತು, ಕಾಲುಗಳನ್ನು ಇಳಿಬಿಟ್ಟು, ನಿಧಾನವಾಗಿ ತಿರುಗಿಸುತ್ತಾ ರೂಢಿ ಮಾಡಿಕೊಳ್ಳಲಿ. ಮಂಡಿ ನೋಯುತ್ತಿದ್ದರೆ ಅಂದಿಗೆ ನಿಲ್ಲಿಸಿ. ರಜೆಯಲ್ಲಿ ಮೈಸೂರಿಗೆ ಬಂದಾಗ ಇವೆರಡನ್ನೂ ನೋಡಿ ಮುಂದಿನದನ್ನು ಹೇಳುತ್ತೇನೆ. ಮಗನನ್ನೂ ಕರೆತನ್ನಿ.